ಫ್ರಿಜ್ಜಿನ ಬಾಗಿಲು ತೆಗೆದಿಟ್ಟವಳು

ಟೈಲರಮ್ಮನಿಗೆ ನಾದಿನಿಯ ಮೇಲೆ ಹೊಟ್ಟೆಕಿಚ್ಚು ಹತ್ತಿದ್ದು ಒಂದು ಕುರ್ಚಿಯಿಂದ. ಹೊಸ ದೇಶಕ್ಕೆ ಬಂದು ಸಾಮಾನು ಬಿಚ್ಚಿದ ವಾರವೇ ಅವಳು ಹಳೇ ಸಾಮಾನಿನ ಅಂಗಡಿಯಲ್ಲಿ ಬೆನ್ನಿಗೆ ಒರಗು ಇರುವ, ಕಾಲು ಅಲ್ಲಾಡದ ಮರದ ಕುರ್ಚಿಯೊಂದನ್ನು ಹುಡುಕಿ, ತಾನೇ ಮಹಡಿ ಹತ್ತಿಸಿ, ಮಗಳ ಓದುವ ಮೇಜಿನ ಪಕ್ಕ ಇಟ್ಟಿದ್ದಳು. ಇಟ್ಟದ್ದು ತನಗಾಗಿ. ಅದರಲ್ಲಿ ಮೊದಲು ಕೂತವಳು ನಾದಿನಿ.

ಒಂದು ಕುರ್ಚಿಗೆ ಇಷ್ಟೊಂದು ರಾಮಾಯಣವೇ ಎಂದು ಕೇಳಬೇಡಿ. ಮಗಳು ಒಂದನೇ ತರಗತಿಯಿಂದ ಒಂಬತ್ತರ ತನಕ ಓದಿದ್ದು ತಾಯಿಯ ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ. ಓದುವುದೆಂದರೆ ಪಾಠ ಒಪ್ಪಿಸುವುದು. ಹುಡುಗಿ ಗೋಡೆಗೆ ಮುಖ ಮಾಡಿ, ಕೈ ಹಿಂದೆ ಕಟ್ಟಿಕೊಂಡು ಪ್ರಶ್ನೋತ್ತರ ಹೇಳಬೇಕು. ತಾಯಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಸಾಲಿನ ಮೇಲೆ ಬೆರಳಾಡಿಸುತ್ತ ಪದಪದ ತಾಳೆ ನೋಡಬೇಕು. ಟೈಲರಮ್ಮ ಸ್ವತಃ ಓದಿದ್ದು ಏಳರ ತನಕ. ಪಾಠದ ಅರ್ಥ ಅವಳಿಗೆ ಎಷ್ಟಾಗುತ್ತಿತ್ತೋ ದೇವರಿಗೇ ಗೊತ್ತು. ಆದರೆ ಮಗಳು ಒಂದು 'ಮತ್ತು' ನುಂಗಿದರೂ ಹಿಡಿದು ನಿಲ್ಲಿಸುತ್ತಿದ್ದಳು. "ಮೊದಲಿಂದ ಹೇಳು" ಎನ್ನುತ್ತಿದ್ದಳು. ತಪ್ಪಿದರೆ ಮೊದಲಿಂದ, ತಡವರಿಸಿದರೆ ಮೊದಲಿಂದ, ನಡುವೆ ಕೆಮ್ಮು ಬಂದರೂ ಮೊದಲಿಂದ. ಹುಡುಗಿ ಪ್ರತಿವರ್ಷ ತರಗತಿಗೆ ಮೊದಲನೆಯವಳೋ ಎರಡನೆಯವಳೋ ಆಗುತ್ತಿದ್ದಳು. ಮಾರ್ಕ್ಸ್ ಕಾರ್ಡ್ ಬಂದ ದಿನ ಟೈಲರಮ್ಮ ಸಹಿ ಹಾಕಲು ಗಂಡನಿಗೆ ಪೆನ್ನು ಕೊಡುತ್ತಿರಲಿಲ್ಲ. ಅರ್ಧ ಪರೀಕ್ಷೆ ಬರೆದವಳು ನಾನು, ಸಹಿ ನನ್ನದು ಎಂಬ ಗತ್ತು.

ಗಂಡ ಫ್ರಿಜ್ ರಿಪೇರಿಯವನು. ಅವನಿಗೆ ಹೊರದೇಶದ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಸಿಕ್ಕಿ, ಮೂವರೂ ಗಂಟುಮೂಟೆ ಕಟ್ಟಿಕೊಂಡು ಬಂದದ್ದಾಯಿತು. ಅವನ ತಂಗಿ ಆ ಊರಲ್ಲಿ ಮೊದಲೇ ಇದ್ದವಳು, ಔಷಧಿ ಅಂಗಡಿಯಲ್ಲಿ ಕೆಲಸ. ಅಲ್ಲಿಯ ಭಾಷೆ ಅವಳಿಗೆ ನೀರು ಕುಡಿದಂತೆ. ಮಗಳೂ ಶಾಲೆಯಲ್ಲಿ ಆ ಭಾಷೆ ಕಲಿತಿದ್ದಳು, ಹೇಗೋ ನಿಭಾಯಿಸುತ್ತಿದ್ದಳು. ಟೈಲರಮ್ಮನಿಗೆ ಮಾತ್ರ ಹತ್ತು ಮಾತಿನಲ್ಲಿ ಎರಡು ಕೈಗೆ ಸಿಗುತ್ತಿದ್ದವು. ಉಳಿದ ಎಂಟನ್ನು ಅವಳು ಮುಖ ನೋಡಿ ಊಹಿಸುತ್ತಿದ್ದಳು. ಹಾಗಿದ್ದೂ ಬೀದಿಯ ಲಾಂಡ್ರಿಯವನು ಅವಳಿಗೆ ಪ್ಯಾಂಟಿನ ಅಂಚು ಮಡಿಸುವ, ಜಿಪ್ ಬದಲಿಸುವ ಕೆಲಸ ಕೊಟ್ಟಿದ್ದ. ಜಿಪ್ಪಿಗೆ ಭಾಷೆ ಬೇಕಾಗಿರಲಿಲ್ಲ.

ಶಾಲೆಯವರು ಹೇಳಿದ್ದು ಇಷ್ಟು: ನಮ್ಮ ಪಠ್ಯಕ್ರಮವೇ ಬೇರೆ, ನಿಮ್ಮ ಮಾರ್ಕ್ಸ್ ಕಾರ್ಡ್ ನೋಡಿ ಸೀಟು ಕೊಡುವುದಿಲ್ಲ. ಹುಡುಗಿ ತನಗೆ ಬೇಕಾದ ಒಂದು ವಿಷಯ ಆರಿಸಿಕೊಂಡು, ತಾನೇ ಹುಡುಕಿ ತಿಳಿದು, ಮೂವರು ಶಿಕ್ಷಕರ ಮುಂದೆ ನಿಂತು ವಿವರಿಸಬೇಕು. ಅವರು ನಡುವೆ ಪ್ರಶ್ನೆ ಕೇಳುತ್ತಾರೆ. ಸರಿಹೋದರೆ ಹತ್ತನೇ ತರಗತಿ, ಇಲ್ಲವಾದರೆ ಮತ್ತೆ ಒಂಬತ್ತು. ತನಗಿಂತ ಚಿಕ್ಕವರ ಜೊತೆ ಕೂರಬೇಕಾಗುತ್ತದೆಂದು ಹುಡುಗಿ ಊಟ ಬಿಟ್ಟು ಅತ್ತಳು. ಗಂಡ ತಂಗಿಗೆ ಫೋನ್ ಮಾಡಿದ.

"ಅವಳ್ಯಾಕೆ? ನಾನಿಲ್ವಾ?" ಎಂದಳು ಟೈಲರಮ್ಮ.

"ಇದು ಒಪ್ಪಿಸೋ ಪಾಠ ಅಲ್ಲ ಕಣೇ. ಪುಸ್ತಕಾನೇ ಇಲ್ಲ. ನೀನೇನು ಹಿಡ್ಕೊಂಡು ಕೂತ್ಕೊಳ್ತೀಯ?"

ಮಾತು ಸರಿಯೇ. ಸರಿಯಾದ ಮಾತು ನಾಟುವಷ್ಟು ಸುಳ್ಳು ನಾಟುವುದಿಲ್ಲ. ಮಾರನೆಯ ಸಂಜೆ ನಾದಿನಿ ಬಂದಳು, ಚೀಲ ಕೆಳಗಿಟ್ಟಳು, ನೇರ ಹೋಗಿ ಆ ಕುರ್ಚಿಯಲ್ಲಿ ಕೂತಳು.

"ಅತ್ತಿಗೆ, ಸ್ವಲ್ಪ ಆ ಕಡೆ ಹೋಗ್ತೀರಾ? ಬೆಳಕಿಗೆ ಅಡ್ಡ ಆಗ್ತಿದೆ."

ಒಂಬತ್ತು ವರ್ಷ ಮಗಳಿಂದ ಪಾಠ ಒಪ್ಪಿಸಿಕೊಂಡವಳು ಒಂದು ನಿಮಿಷದಲ್ಲಿ ಬೆಳಕಿಗೆ ಅಡ್ಡವಾಗಿಬಿಟ್ಟಳು. ಟೈಲರಮ್ಮ ಹೋಗಿ ಮೆಷಿನ್ನಿನ ಮುಂದಿನ ಸ್ಟೂಲಿನಲ್ಲಿ ಕುಕ್ಕರಿಸಿದಳು.

ಆಮೇಲೆ ಶುರುವಾಯಿತು ನೋಡಿ. ಹುಡುಗಿ ಬಾಯಿ ಬಿಟ್ಟರೆ ಅತ್ತೆ. ಅತ್ತೆ ಹೀಗಂದರು, ಅತ್ತೆ ಹಾಗಂದರು. ಅತ್ತೆ ಚಹಕ್ಕೆ ಸಕ್ಕರೆ ಹಾಕಿಕೊಳ್ಳುವುದಿಲ್ಲ, ಹಾಗಾಗಿ ಇವಳಿಗೂ ಸಕ್ಕರೆ ಬೇಡ. ಅತ್ತೆ ಕೂದಲನ್ನು ಮೇಲೆತ್ತಿ ಕ್ಲಿಪ್ ಹಾಕುತ್ತಾಳೆ, ಇವಳದೂ ಮೇಲೆ ಹೋಯಿತು. ತಾಯಿ ಎಣ್ಣೆ ಹಚ್ಚಿ ಹೆಣೆದ ಜಡೆ ಏನಾಗಬೇಕು? ನಾದಿನಿ ಕಲಿಸುವ ರೀತಿಯಂತೂ ಟೈಲರಮ್ಮನಿಗೆ ತಮಾಷೆಯಾಗಿ ಕಾಣುತ್ತಿತ್ತು. ಎಲ್ಲದಕ್ಕೂ "ನಿನಗೇನನ್ನಿಸುತ್ತೆ?" ಎಂದು ಮಗುವನ್ನೇ ಕೇಳುವುದು. ಮಗುವಿಗೆ ಅನ್ನಿಸುವುದೇನು, ಮಣ್ಣು? ಗೊತ್ತಿದ್ದರೆ ನಿನ್ನನ್ನು ಯಾಕೆ ಕರೆಸುತ್ತಿದ್ದರು? ಕಂಡೋರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಅಂದರೆ ಇದೇ, ಎಂದು ಅವಳು ಜಿಪ್ಪಿನ ಹಲ್ಲುಗಳಿಗೆ ಹೇಳಿಕೊಂಡಳು. ನಾದಿನಿ ಹೋದ ಮೇಲೆ ಕುರ್ಚಿಯಲ್ಲಿ ಅವಳ ಕೈಗೆ ಹಚ್ಚುವ ಕ್ರೀಮಿನ ವಾಸನೆ ಉಳಿಯುತ್ತಿತ್ತು. ಟೈಲರಮ್ಮ ಒದ್ದೆ ಬಟ್ಟೆ ತಂದು ಕುರ್ಚಿಯನ್ನು ದಿನಾ ಒರೆಸುತ್ತಿದ್ದಳು. ಗಂಡ ಕೇಳಿದರೆ "ಧೂಳು" ಎನ್ನುತ್ತಿದ್ದಳು.

ಹುಡುಗಿ ಆರಿಸಿಕೊಂಡ ವಿಷಯ ಫ್ರಿಜ್ ಹೇಗೆ ತಣ್ಣಗಾಗುತ್ತದೆ ಎಂಬುದು. ಅಪ್ಪನ ಕಸುಬು, ಮನೆಯಲ್ಲೇ ಒಂದು ಹಳೇ ಫ್ರಿಜ್ ಗುರ್ ಎನ್ನುತ್ತ ನಿಂತಿತ್ತು. ಅತ್ತೆ ಸೊಸೆ ಸೇರಿ ಅದನ್ನು ಗೋಡೆಯಿಂದ ಎಳೆದರು, ಹಿಂದಿನ ಕಪ್ಪು ಜಾಲರಿ ಮುಟ್ಟಿ ನೋಡಿದರು, ಚಿತ್ರ ಬರೆದರು, ನಕ್ಕರು. ನಗು ಅಡುಗೆಮನೆಯಿಂದ ಬಂದಾಗೆಲ್ಲ ಟೈಲರಮ್ಮನ ಮೆಷಿನ್ ಜೋರಾಗುತ್ತಿತ್ತು. ಕೊನೆಗೆ ಮಗಳು ಹೇಳಬೇಕಾದದ್ದನ್ನೆಲ್ಲ ಒಮ್ಮೆ ಬರೆದಳು, ನಾದಿನಿ ತಿದ್ದಿದಳು. "ಇದು ಸುಮ್ನೆ ದಾರಿಗೆ. ಓದ್ಕೊಂಡು ಬಿಟ್ಟುಬಿಡು, ಅಲ್ಲಿ ನಿನ್ನ ಮಾತಲ್ಲೇ ಹೇಳು" ಎಂದು ಹೇಳಿ, ಅಂಗಡಿಯಲ್ಲಿ ಎರಡು ಪಾಳಿ ಕೆಲಸವಿದೆಯೆಂದು ಆ ವಾರ ಬರಲಿಲ್ಲ.

ಕೊನೆಗೂ ಒಂದು ಬರಹ ಕೈಗೆ ಸಿಕ್ಕಿತು! ಟೈಲರಮ್ಮನಿಗೆ ಹೋದ ಜೀವ ಬಂದಂತಾಯಿತು.

"ಇದನ್ನ ನಮ್ಮ ಅಕ್ಷರದಲ್ಲಿ ಬರ್ದು ಕೊಡು" ಎಂದಳು ಮಗಳಿಗೆ. "ಅವರ ಭಾಷೆಯದ್ದೇ ಮಾತು, ನಮ್ಮ ಅಕ್ಷರ. ನಾನು ಹಿಡ್ಕೊಂಡು ನೋಡ್ತೀನಿ."

"ಅತ್ತೆ ಬಾಯಿಪಾಠ ಬೇಡ ಅಂದಿದ್ದಾರಮ್ಮ."

"ಅತ್ತೆ ಬಂದಿದ್ದು ಮೊನ್ನೆ. ನಿನಗೆ ಫಸ್ಟ್ ತರ್ಸಿದ್ದು ಯಾರು?"

ಹುಡುಗಿಗೂ ಒಳಗೊಳಗೆ ಭಯವಿತ್ತು. ಭಯವಾದಾಗ ಹಳೇ ದಾರಿಯೇ ಹತ್ತಿರ. ಬರೆದುಕೊಟ್ಟಳು. ಆ ವಾರ ಟೈಲರಮ್ಮ ಕುರ್ಚಿಯಲ್ಲಿ ಕೂತಳು, ಮಗಳು ಗೋಡೆಗೆ ಮುಖ ಮಾಡಿ ನಿಂತಳು. ಸರಿಯಾಗಿ ಅರ್ಥವಾಗದ ಭಾಷೆಯನ್ನು ತಾಯಿ ಬೆರಳಿಟ್ಟು ತಾಳೆ ನೋಡಿದಳು. "ಮೊದಲಿಂದ." "ಮೊದಲಿಂದ." ವಾರದ ಕೊನೆಗೆ ಹುಡುಗಿ ಅದನ್ನು ಅರೆದು ಕುಡಿದಿದ್ದಳು. ಟೈಲರಮ್ಮ ಎಷ್ಟೋ ದಿನದ ಮೇಲೆ ಕಣ್ತುಂಬ ನಿದ್ದೆ ಮಾಡಿದಳು.

ಶಾಲೆಯಲ್ಲಿ ಉದ್ದನೆಯ ಮೇಜು, ನೀರಿನ ಜಗ್ಗು, ಮೂವರು ಶಿಕ್ಷಕರು. ನಡುವೆ ಕೂತಾಕೆ ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡಿದ್ದಳು. ಅತ್ತಿಗೆ ನಾದಿನಿ ಇಬ್ಬರಿಗೂ ಹಿಂದೆ ಕೂರಲು ಜಾಗ ಕೊಟ್ಟರು; ತಾಯಿಗೆ ಭಾಷೆ ಬಾರದು, ಅನುವಾದಕ್ಕೆ ಅತ್ತೆ. ಹುಡುಗಿ ಕೈ ಹಿಂದೆ ಕಟ್ಟಿ ಶುರುಮಾಡಿದಳು. ನಲ್ಲಿ ಬಿಟ್ಟಂತೆ ಬಂತು. ಟೈಲರಮ್ಮ ತೊಡೆಯ ಮೇಲಿನ ಚೀಟಿಯಲ್ಲಿ ಬೆರಳಾಡಿಸುತ್ತ ಜೊತೆಗೇ ಹೋದಳು. ಒಂದಕ್ಷರ ಆಚೀಚೆ ಇಲ್ಲ. ಪಕ್ಕದಲ್ಲಿ ನಾದಿನಿಯ ಮುಖ ಬಿಳಿಚಿಕೊಂಡದ್ದು ಅವಳಿಗೆ ಕಾಣಲಿಲ್ಲ.

ಅರ್ಧದಲ್ಲಿ ಕನ್ನಡಕದ ಶಿಕ್ಷಕಿ ಬೆರಳೆತ್ತಿ ಏನೋ ಕೇಳಿದಳು.

ಹುಡುಗಿ ನಿಂತಳು. ಶಿಕ್ಷಕಿಯನ್ನು ನೋಡಲಿಲ್ಲ, ಗೋಡೆ ನೋಡಿದಳು. ಉಸಿರೆಳೆದುಕೊಂಡು ಮತ್ತೆ ಶುರುಮಾಡಿದಳು, ಮೊದಲಿಂದ. ಶಿಕ್ಷಕಿ ನಕ್ಕು ಸಮಾಧಾನದಲ್ಲೇ ಮತ್ತೊಮ್ಮೆ ಕೇಳಿದಳು. ಮತ್ತೆ ಮೊದಲಿಂದ. ಮೂರನೇ ಸಲ ಶಿಕ್ಷಕಿ ಕೈಯೆತ್ತಿ ಸಾಕು ಎಂದಳು. ಆ ಮಾತಿಗೆ ಅನುವಾದ ಬೇಕಾಗಲಿಲ್ಲ.

ಹೊರಗೆ ಮೊಗಸಾಲೆಯಲ್ಲಿ ನಾದಿನಿ ಕೇಳಿದಳು, "ಅತ್ತಿಗೆ, ಉರು ಹೊಡೆಸಿದ್ರಾ?"

"ಹೊಡೆಸ್ದೆ. ಏನೀಗ? ಒಂದಕ್ಷರ ತಪ್ಪಿದ್ಳಾ?"

"ತಪ್ಪಿದ್ದಿದ್ರೆ ಚೆನ್ನಾಗಿತ್ತು. ಬೇರೆ ಯಾರೋ ಬರ್ದಿದ್ದನ್ನ ಗಿಣಿಪಾಠ ಮಾಡಿದ್ದಾಳೆ ಅಂದ್ರು ಅವರು. ರಜೆ ಮುಗಿದ್ಮೇಲೆ ಇನ್ನೊಂದೇ ಅವಕಾಶ. ಆಗ್ಲೂ ಹೀಗಾದ್ರೆ ಒಂಬತ್ತನೇ ಕ್ಲಾಸೇ."

ಟೈಲರಮ್ಮ ಮಗಳ ಕಡೆ ತಿರುಗಿದಳು. ಹುಡುಗಿ ಅತ್ತೆಯ ತೋಳು ಹಿಡಿದು ನಿಂತಿದ್ದಳು.

"ನಿನ್ನಿಂದಾನೇ ಆಗಿದ್ದಮ್ಮ ಇದು. ಇನ್ಮೇಲೆ ನನ್ನ ಮೇಜಿನ ಹತ್ರ ಬರ್ಬೇಡ ನೀನು."

ಆ ಮಾತಿಗಿಂತ ಆ ತೋಳು ಹಿಡಿದದ್ದು ಹೆಚ್ಚು ಉರಿಯಿತು. ಮಗಳಿಗೆ ಅನ್ಯಾಯ ಮಾಡಿದೆನಲ್ಲ ಎಂಬ ಸಂಕಟ ಇರಲಿಲ್ಲವೇ? ಇತ್ತು, ಧಾರಾಳವಾಗಿ ಇತ್ತು. ಆದರೆ ಸಂಕಟ ಒಂದು ಪಾಲಾದರೆ ಹೊಟ್ಟೆಕಿಚ್ಚು ಮೂರು ಪಾಲು. ಮನುಷ್ಯರ ಹೊಟ್ಟೆಯನ್ನು ದೇವರು ಹಾಗೇ ಮಾಡಿಟ್ಟಿದ್ದಾನೆ.

ರಜೆಯಲ್ಲಿ ನಾದಿನಿ ಮತ್ತೆ ಬರತೊಡಗಿದಳು. ಈಗ ಬರೆಯುವುದೇ ಇಲ್ಲ, ಬರೀ ಬಾಯಿಮಾತು. ಮಗಳು ಮೇಜಿನ ಹತ್ತಿರ ಬರಬೇಡ ಎಂದಿದ್ದಾಳೆ, ಸರಿ. ಇರುವುದು ಒಂದೇ ನಡುಮನೆ, ಮೆಷಿನ್ನನ್ನು ತಲೆಯ ಮೇಲಿಟ್ಟುಕೊಂಡು ಎಲ್ಲಿಗೆ ಹೋಗುವುದು? ಟೈಲರಮ್ಮ ತನ್ನ ಮೂಲೆಯಿಂದಲೇ ಅಡ್ಡಬಾಯಿ ಹಾಕತೊಡಗಿದಳು. ಮಗಳಿಗೆ ಒಳ್ಳೆಯದಾಗಲಿ ಎಂಬ ಉದ್ದೇಶ ಇದರಲ್ಲಿ ಸಾಸಿವೆಯಷ್ಟೂ ಇರಲಿಲ್ಲ. ಅವರಿಬ್ಬರ ತಲೆಗಳು ಹತ್ತಿರ ಬಂದಾಗೆಲ್ಲ ನಡುವೆ ಒಂದು ಕಡ್ಡಿ ಹಾಕಬೇಕು, ಅಷ್ಟೆ.

"ಏನದು ಹೇಳಿದ್ದು? ನನಗೂ ಹೇಳ್ರಮ್ಮ. ನಾನೇನು ಗೋಡೆನಾ?"

"ಫ್ರಿಜ್ ತಂಪು ಮಾಡೋಲ್ಲ ಅಂದೆ. ಒಳಗಿನ ಬಿಸಿ ತೆಗೆದು ಹೊರಗೆ ಹಾಕುತ್ತೆ" ಎಂದಳು ಮಗಳು.

"ಬಿಸಿ ಏನು ಕಸಾನಾ, ತೆಗೆದು ಹಾಕೋಕೆ?"

ಹುಡುಗಿ ಹಲ್ಲು ಕಚ್ಚಿದಳು. ಉತ್ತರ ಹೇಳದಿದ್ದರೆ ತಾಯಿ ಬಿಡುವವಳಲ್ಲ. "ಕೊಳವೆ ಒಳಗೆ ಒಂದು ದ್ರವ ಓಡ್ತಿರುತ್ತಮ್ಮ. ಅದು ಒಳಗೆ ಆವಿಯಾಗುವಾಗ ಬಿಸಿ ಎತ್ಕೊಳ್ಳುತ್ತೆ, ಹಿಂದ್ಗಡೆ ಬಂದು ಮತ್ತೆ ದ್ರವ ಆಗುವಾಗ ಇಳಿಸುತ್ತೆ. ಅದಕ್ಕೇ ಹಿಂದ್ಗಡೆ ಬಿಸಿ. ಸಾಕಾ?"

"ಎತ್ಕೊಳ್ಳೋಕೆ ಹೇಳೋರು ಯಾರು ಅದಕ್ಕೆ?"

"ಅಮ್ಮಾ!"

"ಹೋಗ್ಲಿ ಬಿಡು. ಅತ್ತೆ ಕೇಳಿದ್ರೆ ಜೇನು, ನಾನು ಕೇಳಿದ್ರೆ ಬೇವು."

ನಾದಿನಿ ಮೊದಮೊದಲು ಸಿಡಿಮಿಡಿಗೊಂಡಳು. ಆಮೇಲೆ "ಅತ್ತಿಗೆ ಕೇಳಿದ್ದಕ್ಕೆ ಹೇಳಿ, ಬಿಟ್ಟಲ್ಲಿಂದ ಮುಂದಕ್ಕೆ ಹೋಗು" ಎನ್ನತೊಡಗಿದಳು. ಇದೂ ಟೈಲರಮ್ಮನಿಗೆ ಕೆಂಡ. ತನ್ನ ಮಾತಿಗೆ ಇಷ್ಟೇ ಬೆಲೆಯೇ, ನೊಣ ಓಡಿಸಿದ ಹಾಗೆ?

ಒಂದು ಮಧ್ಯಾಹ್ನ ವಿಪರೀತ ಸೆಕೆ. ಅತ್ತೆ ಸೊಸೆ ಗ್ರಂಥಾಲಯಕ್ಕೆ ಹೋಗಿದ್ದರು, ತನ್ನನ್ನು ಕರೆಯದೆ. ಹಿಂದಿನ ದಿನ ಟೈಲರಮ್ಮ ಕೇಳಿದ್ದಳು: ಫ್ರಿಜ್ಜಿನ ಬಾಗಿಲು ತೆಗೆದಿಟ್ಟರೆ ಮನೆಯೆಲ್ಲ ತಣ್ಣಗಾಗುತ್ತದಲ್ಲ, ಫ್ಯಾನ್ ಯಾಕೆ? ಆಗಲ್ಲ, ಇನ್ನೂ ಬಿಸಿಯಾಗುತ್ತೆ ಎಂದು ಇಬ್ಬರೂ ಒಂದೇ ಉಸಿರಿಗೆ ಹೇಳಿ, ಒಬ್ಬರನ್ನೊಬ್ಬರು ನೋಡಿ ನಕ್ಕಿದ್ದರು. ಆ ನಗು ಅವಳ ಕಿವಿಯಲ್ಲೇ ಇತ್ತು. ಎದ್ದು ಹೋಗಿ ಅಡುಗೆಮನೆಯ ಕಿಟಕಿ ಮುಚ್ಚಿ, ಫ್ರಿಜ್ಜಿನ ಬಾಗಿಲನ್ನು ಪೂರಾ ತೆಗೆದು, ಮುಚ್ಚಿಕೊಳ್ಳದಂತೆ ಕುರ್ಚಿ ಒತ್ತಿಟ್ಟಳು. ಬರಲಿ ಇಬ್ಬರೂ, ತಣ್ಣನೆ ಅಡುಗೆಮನೆಯಲ್ಲಿ ನಿಲ್ಲಿಸಿ ಮುಖಕ್ಕೆ ಮಂಗಳಾರತಿ ಮಾಡುತ್ತೇನೆ ಎಂದುಕೊಂಡು ಪ್ಯಾಂಟುಗಳ ರಾಶಿಗೆ ಕೂತಳು.

ಸಂಜೆ ಅವರು ಬಂದಾಗ ಅಡುಗೆಮನೆ ಒಲೆಯಾಗಿತ್ತು. ಮೋಟಾರು ಒಂದೇ ಸಮ ಒದರುತ್ತಿತ್ತು. ಹಾಲು ಒಡೆದಿತ್ತು. ಕೆಲಸದಿಂದ ಬಂದ ಗಂಡ ಕೈಚೀಲ ಹಿಡಿದುಕೊಂಡೇ ನಿಂತ. "ಊರವರ ಫ್ರಿಜ್ ರಿಪೇರಿ ಮಾಡೋನ ಮನೆ ಕಥೆ ನೋಡು" ಎಂದು ಬಾಗಿಲು ಮುಚ್ಚಿದ. ಹುಡುಗಿ ಸಿಟ್ಟಿನಲ್ಲಿ, ಬೆವರೊರೆಸಿಕೊಳ್ಳುತ್ತ, ಒಳಗಿನ ಬಿಸಿ ಹಿಂದೆ ಬೀಳುವುದನ್ನು, ಅದರ ಮೇಲೆ ಮೋಟಾರಿನ ಬಿಸಿಯೂ ಸೇರುವುದನ್ನು, ಎಲ್ಲ ಇದೇ ಕೋಣೆಯಲ್ಲೇ ಉಳಿಯುವುದನ್ನು ತಾಯಿಗೆ ಕೈ ತಿರುಗಿಸಿ ತಿರುಗಿಸಿ ಹೇಳಿದಳು. ಟೈಲರಮ್ಮ ನಡುವೆ ಹದಿನೆಂಟು ಕೊಕ್ಕೆ ತೆಗೆದಳು. ಒಂದಕ್ಕೂ ಹುಡುಗಿ ಮೊದಲಿಂದ ಶುರುಮಾಡಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ, ಟೈಲರಮ್ಮನಂತೂ ಇಲ್ಲವೇ ಇಲ್ಲ. ಒಡೆದ ಹಾಲು ಚೆಲ್ಲಿ ಪಾತ್ರೆ ತಿಕ್ಕುತ್ತ ಅವಳು ನಾದಿನಿಯ ಮುಖದಲ್ಲಿ ನಗು ಹುಡುಕುತ್ತಿದ್ದಳು.

ಎರಡನೇ ಸಲವೂ ಅದೇ ಕೋಣೆ, ಅದೇ ಜಗ್ಗು, ಅದೇ ಕನ್ನಡಕ. ಈ ಸಲ ಟೈಲರಮ್ಮನ ತೊಡೆಯ ಮೇಲೆ ಚೀಟಿ ಇರಲಿಲ್ಲ, ಕೈ ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ. ಹುಡುಗಿಯ ಮಾತು ಮೊದಲಿನಷ್ಟು ಸರಾಗವಿರಲಿಲ್ಲ. ತಡವರಿಸಿದಳು, ಪದ ಹುಡುಕಿದಳು. ಶಿಕ್ಷಕಿ ಬೆರಳೆತ್ತಿದಳು. ಟೈಲರಮ್ಮನ ಬೆರಳು ತೊಡೆಯ ಮೇಲೆ ಇಲ್ಲದ ಸಾಲನ್ನು ಹುಡುಕಿತು.

ಹುಡುಗಿ ಗೋಡೆ ನೋಡಲಿಲ್ಲ. ಶಿಕ್ಷಕಿಯನ್ನು ನೋಡಿದಳು, ಉತ್ತರ ಹೇಳಿದಳು, ಬಿಟ್ಟಲ್ಲಿಂದ ಮುಂದಕ್ಕೆ ಹೋದಳು. ಇನ್ನೊಬ್ಬ ಕೇಳಿದ, ಅವನಿಗೂ ಹೇಳಿದಳು. ಆಮೇಲೆ ಕೈ ತಿರುಗಿಸುತ್ತ ಏನೋ ಒಂದು ಕಥೆ ಶುರುಮಾಡಿದಳು. ಟೈಲರಮ್ಮನ ಕೈಗೆ ಸಿಕ್ಕಿದ್ದು ಎರಡೇ ಮಾತು: ಅಮ್ಮ, ಹಾಲು. ಮೂವರು ಶಿಕ್ಷಕರೂ ಗೊಳ್ಳೆಂದು ನಕ್ಕರು, ನಕ್ಕು ಅವಳ ಕಡೆಗೇ ನೋಡಿದರು.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ. ಹೆತ್ತ ಮಗಳು ಪರದೇಶದವರ ಮುಂದೆ ತನ್ನ ಮಾನ ಹರಾಜು ಹಾಕಿದಳು. ಕಲಿಸಿದವಳು ಪಕ್ಕದಲ್ಲೇ ಕೂತು ನಗುತ್ತಿದ್ದಾಳೆ.

ಕನ್ನಡಕದ ಶಿಕ್ಷಕಿ ಕೊನೆಯದಾಗಿ ಏನೋ ಕೇಳಿದಳು, ಹುಡುಗಿ ಹಿಂದೆ ತಿರುಗಿ ಕೈ ತೋರಿಸಿ ಉತ್ತರಿಸಿದಳು. ಅತ್ತಿಗೆ ನಾದಿನಿ ಕೂತಿದ್ದು ಭುಜಕ್ಕೆ ಭುಜ ತಾಗಿಸಿ. ಕೈ ಯಾರ ಕಡೆಗೆಂದು ಯಾರು ಹೇಳಬೇಕು?

ನಾದಿನಿ ಬಗ್ಗಿ ಪಿಸುಗುಟ್ಟಿದಳು, "ಪಾಸು ಅತ್ತಿಗೆ. ಹತ್ತನೇ ಕ್ಲಾಸು. ಮನೇಲಿ ಯಾರು ತಯಾರಿ ಮಾಡಿಸಿದ್ದು ಅಂತ ಕೇಳಿದ್ರು. ಅತ್ತೆ ಕಲಿಸಿದ್ರು, ಆದ್ರೆ ಪ್ರಶ್ನೆಗೆ ಉತ್ತರ ಕೊಡೋದು ಬಂದಿದ್ದು ಅಮ್ಮನಿಂದ ಅಂದ್ಳು. ಒಂದು ವಾಕ್ಯ ನೆಟ್ಟಗೆ ಮುಗಿಸೋಕೆ ಬಿಡ್ತಿರ್ಲಿಲ್ಲವಂತೆ ನೀವು."

ಟೈಲರಮ್ಮ ಅವಳ ಮುಖ ದಿಟ್ಟಿಸಿದಳು. ಪಾಸಾಯಿತು ಎಂಬ ಮಾತಿಗೆ ಕಣ್ಣು ತುಂಬಿತು, ಉಳಿದ ಮಾತಿಗೆ ಮೈ ಉರಿಯಿತು. ಗೆದ್ದವಳು ಸೋತವಳ ತಟ್ಟೆಗೆ ಒಂದು ತುತ್ತು ಹಾಕುತ್ತಿದ್ದಾಳೆ.

"ಭಾಷೆ ಬರಲ್ಲ ಅಂತ ಏನೋ ಒಂದು ಕಟ್ಟಿ ಹೇಳ್ಬೇಡ. ನನಗೆ ನಿನ್ನ ಭಿಕ್ಷೆ ಬೇಡ."

"ಅತ್ತಿಗೆ, ದೇವರಾಣೆ..."

"ಸಾಕು ಬಿಡು."

ಮನೆಗೆ ಬಂದು ಮಗಳನ್ನು ಕೇಳಬಹುದಿತ್ತು. ಕೇಳಲಿಲ್ಲ. ಉತ್ತರ 'ಅತ್ತೆ' ಎಂದಾದರೆ ತಡೆದುಕೊಳ್ಳಲು ಅವಳಲ್ಲಿ ತ್ರಾಣವಿರಲಿಲ್ಲ.

ಶಾಲೆ ಶುರುವಾಯಿತು. ಕೆಲವು ದಿನ ಕಳೆದು ಒಂದು ಸಂಜೆ ಟೈಲರಮ್ಮ ಕೋಟಿನ ಅಸ್ತರು ಬಿಚ್ಚುತ್ತಿದ್ದಾಗ ಹುಡುಗಿ ಮೇಜಿನ ಪಕ್ಕದ ಕುರ್ಚಿಯನ್ನು ದರದರ ಎಳೆದುಕೊಂಡು ಬಂದು ಮೆಷಿನ್ನಿನ ಹತ್ತಿರ ಇಟ್ಟಳು.

"ಇದರ ಮೇಲೆ ಕೂತ್ಕೊಮ್ಮ. ಬೆನ್ನು ನೋಯುತ್ತೆ ಅಂತೀಯಲ್ಲ. ನಾನೊಂದು ಹೇಳ್ಬೇಕು, ಕೇಳು."

"ನಿಮ್ಮತ್ತೆ ಬರ್ತಾಳಲ್ಲ, ಅವಳಿಗೆ ಹೇಳು."

"ಅತ್ತೆಗೆ ಎಲ್ಲಾ ಗೊತ್ತಮ್ಮ. ಗೊತ್ತಿರೋರಿಗೆ ಹೇಳಿದ್ರೆ ತಲೆ ಆಡಿಸ್ತಾರೆ ಅಷ್ಟೆ. ನೀನಾದ್ರೆ ಬಿಡಲ್ಲ. ಅವತ್ತು ಶಾಲೇಲೂ ಅದನ್ನೇ ಹೇಳಿದ್ದು ನಾನು."

ಟೈಲರಮ್ಮ ಕೈಲಿದ್ದ ಕತ್ತರಿ ಕೆಳಗಿಟ್ಟಳು. ಎದ್ದು ಕುರ್ಚಿಗೆ ಬಂದು ಕೂತು, "ಏನು ವಿಷಯ?" ಎಂದಳು, ಏನೂ ಆಗದವಳ ಹಾಗೆ.

"ಬಿಸಿಲಿಲ್ಲದಿದ್ರೂ ಬಟ್ಟೆ ಹೇಗೆ ಒಣಗುತ್ತೆ ಅಂತ. ನೀರು ಆವಿಯಾಗಿ ಹೋಗುತ್ತೆ."

"ಕುದಿಸದೆ ಆವಿ ಎಲ್ಲಿಂದ ಬರುತ್ತೆ?"

ಅಷ್ಟರಲ್ಲಿ ಬಾಗಿಲು ತೆರೆದುಕೊಂಡು ನಾದಿನಿ ಬಂದಳು. ಹೆಗಲಲ್ಲಿ ಚೀಲ, ಕೈಯಲ್ಲಿ ಗ್ರಂಥಾಲಯದ ಪುಸ್ತಕ. ಬರಿದಾದ ಮೇಜು ನೋಡಿದಳು, ಕುರ್ಚಿ ಇರುವ ಜಾಗ ನೋಡಿದಳು. "ನೋಡು, ಅದಕ್ಕೆ ಕುದೀಬೇಕಾಗಿಲ್ಲ, ಯಾಕಂದ್ರೆ..." ಎಂದು ನಿಂತಲ್ಲಿಂದಲೇ ಶುರುಮಾಡಿದಳು.

"ಅತ್ತೆ, ನೀವು ಸುಮ್ನಿರಿ. ಅಮ್ಮನಿಗೆ ನಾನೇ ಹೇಳ್ಬೇಕು."

ನಾದಿನಿ ಹೋಗಿ ಖಾಲಿ ಇದ್ದ ಸ್ಟೂಲಿನಲ್ಲಿ ಕೂತಳು, ಚೀಲ ತೊಡೆಯ ಮೇಲೇ ಇತ್ತು. ಅವಳ ಮುಖದಲ್ಲಿ ಏನೋ ಒಂದು ಬಿಗಿದುಕೊಂಡಿತು. ಟೈಲರಮ್ಮನಿಗೆ ಅದೇನೆಂದು ಯಾರೂ ಅನುವಾದಿಸಿ ಹೇಳಬೇಕಾಗಿರಲಿಲ್ಲ. ಅದೇ ಸ್ಟೂಲಿನಲ್ಲಿ ಕೂತು ತಿಂಗಳುಗಟ್ಟಲೆ ಅದೇ ಮುಖ ಹೊತ್ತವಳು ಅವಳು. ಒಂದು ಗಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆಗಲಿಲ್ಲ ಎಂದರೆ ಸುಳ್ಳು. ಇನ್ನೊಂದು ಗಳಿಗೆಗೆ ಆ ಸ್ಟೂಲಿನ ಗಟ್ಟಿ ಅಂಚು ಅವಳ ನೆನಪಿಗೆ ಬಂತು.

ಹುಡುಗಿ ಹೇಳುತ್ತಿದ್ದಳು: ನೀರಿನ ಕಣಗಳಲ್ಲಿ ಕೆಲವಕ್ಕೆ ಓಟ ಜಾಸ್ತಿ, ಮೇಲಿರುವ ಅಂಥವು ಬಟ್ಟೆ ಬಿಟ್ಟು ಹಾರಿಹೋಗುತ್ತವೆ, ಗಾಳಿ ಬಂದರೆ ಇನ್ನೂ ಬೇಗ. ಶಾಲೆಯ ಗಂಟೆ ಹೊಡೆದಾಗ ಬಾಗಿಲ ಹತ್ತಿರದ ಮಕ್ಕಳು ಮೊದಲು ಓಡಿದ ಹಾಗೆ. ಟೈಲರಮ್ಮನಿಗೆ ಚೆನ್ನಾಗಿ ಅರ್ಥವಾಯಿತು.

"ನನಗೆ ತಲೆಬುಡ ಗೊತ್ತಾಗ್ಲಿಲ್ಲ. ನಿಮ್ಮತ್ತೆ ಒಂದ್ಸಲ ಹೇಳ್ಲಿ" ಎಂದಳು.

ನಾದಿನಿ ತಲೆಯೆತ್ತಿ ಅವಳನ್ನೇ ನೋಡಿದಳು. "ಅರ್ಥ ಆಗಿದೆ ಅತ್ತಿಗೆ ನಿಮಗೆ."

"ಆಗಿಲ್ಲ ಅಂದೆನಲ್ಲ. ಹೇಳು."

ನಾದಿನಿ ಚೀಲ ಕೆಳಗಿಟ್ಟು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು. ಕುರ್ಚಿಯನ್ನು ಮಾತ್ರ ಟೈಲರಮ್ಮ ಬಿಟ್ಟುಕೊಡಲಿಲ್ಲ.